ಕಲಬುರಗಿಯಲ್ಲಿ ಮನೆ: ರಿಂಗ್ ರೋಡ್ ಒಳಗೋ, ಆಚೆಗೋ? ತೆರಿಗೆ, ಬಸ್, ಮಕ್ಕಳ ಶಾಲೆ ಎಲ್ಲಾ ನೋಡಿ ಹೇಳಿ

ಬ್ರಹ್ಮಪುರ_ಟೀಚರ್:
ಎಲ್ಲರಿಗೂ ನಮಸ್ಕಾರ. ನಾವು ಬ್ರಹ್ಮಪುರದಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರ ಮಗನ ಮದುವೆ ಗೊತ್ತಾಗಿದೆ, ಯುಗಾದಿಯೊಳಗೆ ಮನೆ ಬಿಡಿ ಅಂದಿದ್ದಾರೆ. ಮತ್ತೆ ಬಾಡಿಗೆ ಮನೆ ಹುಡುಕೋದಕ್ಕಿಂತ ಸ್ವಂತದ್ದೇ ತಗೊಳ್ಳೋಣ ಅಂತ ಮನೆಯವರ ಹಟ.

ನಾನು ಆಳಂದದ ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಸುಮಾರು 40 ಕಿ.ಮೀ., ದಿನಾ ಬಸ್. ಮನೆಯವರದು ಸೇಡಂ ರಸ್ತೆಯ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಶಿಫ್ಟ್ ಕೆಲಸ. ಅಂದರೆ ಒಬ್ಬರು ಊರಿನ ಈ ತುದಿ, ಇನ್ನೊಬ್ಬರು ಆ ತುದಿ. ಮಗಳು 4ನೇ ತರಗತಿ, ಮಗ ಯುಕೆಜಿ. ಅತ್ತೆ ಜೊತೆಗಿದ್ದಾರೆ, ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ. ಎಲ್ಲಾ ಸೇರಿ 35 ಲಕ್ಷ, ತುಂಬಾ ಎಳೆದರೆ 38.

ಇಲ್ಲಿತನಕ ನೋಡಿದ್ದು ಮೂರು. ಸೇಡಂ ರಸ್ತೆ ಕಡೆ ಒಂದು ಹಳೇ ಮನೆ, ಚಿಕ್ಕದು, ಪಾಲಿಕೆ ವ್ಯಾಪ್ತಿ. ಆಳಂದ ರಸ್ತೆಯಲ್ಲಿ ರಿಂಗ್ ರೋಡ್ ದಾಟಿ ಹೊಸ ಲೇಔಟ್‌ನಲ್ಲಿ ಒಂದು, 30x50, ಹೊಚ್ಚ ಹೊಸದು, ಪಂಚಾಯಿತಿ ವ್ಯಾಪ್ತಿ. ಇನ್ನೊಂದು ಜೇವರ್ಗಿ ರಸ್ತೆ ಕಡೆ, ನಮ್ಮಣ್ಣ ಅಲ್ಲೇ ಇರೋದ್ರಿಂದ ಅಮ್ಮನಿಗೆ ಅದೇ ಇಷ್ಟ. ಏಜೆಂಟ್ ಮಾತ್ರ ಪಂಚಾಯಿತಿದೇ ತಗೊಳ್ಳಿ, ತೆರಿಗೆ ನಾಲ್ಕು ಕಾಸು, ಪಾಲಿಕೆಯಲ್ಲಿ ಸುಲಿಗೆ ಅಂತ ತಲೆ ತಿನ್ನುತ್ತಿದ್ದಾರೆ. ನಿಜಾನಾ? ಮಕ್ಕಳಿರುವವರು ಹೇಳಿ.

ರಿಂಗ್‌ರೋಡ್_ರಾಯ:
ಪಂಚಾಯಿತಿದೇ ತಗೊಳ್ಳಿ ಮೇಡಂ. ಗಾಳಿ ಬೆಳಕು ಇದೆ, ಎಳ್ಳ ಅಮಾವಾಸ್ಯೆಗೆ ಭಜ್ಜಿ ಬುತ್ತಿ ಕಟ್ಟಿಕೊಂಡು ದೂರ ಹೋಗೋದೇ ಬೇಡ, ಹೊಲ ಪಕ್ಕದಲ್ಲೇ 😄

ತೊಗರಿ_ಬ್ಯಾಳಿ:
ಹೊಲ ಪಕ್ಕದಲ್ಲಿದ್ದರೆ ಹಾವೂ ಪಕ್ಕದಲ್ಲೇ ಇರುತ್ತದೆ ರಾಯರೇ.

ನಿವೃತ್ತ_ಗುಮಾಸ್ತ:
ತಂಗಿ, ನಾನು ಕಂದಾಯದ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

ಪಾಲಿಕೆಯಲ್ಲಿ ಆಸ್ತಿ ತೆರಿಗೆ ಲೆಕ್ಕ ಮಾಡೋದು ಸರ್ಕಾರದ ಮಾರ್ಗಸೂಚಿ ದರದ ಮೇಲೆ. ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಒಂದು ಬೆಲೆ, ಕಟ್ಟಡ ಹಳೇದಾದಷ್ಟೂ ಸವಕಳಿ ಕಳೆಯುತ್ತಾರೆ. ಅಂದರೆ ನೀನು ಹೇಳಿದ ಸೇಡಂ ರಸ್ತೆಯ ಹಳೇ ಮನೆಗೆ ಹೊಸ ಮನೆಯಷ್ಟು ಬರೋದಿಲ್ಲ. ಅದರ ಮೇಲೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3%. ಇವು ಮನೆ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ. ಜನ ಇದನ್ನೇ ನೋಡಿ ಹೆದರುತ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ಬಿಡುತ್ತಾರೆ. ಜೂನ್ ದಾಟಿತೋ, ತಿಂಗಳಿಗೆ 2% ದಂಡ. 2021ರ ತಿದ್ದುಪಡಿ ಆದಮೇಲೆ ವರ್ಷಾ ವರ್ಷ 3ರಿಂದ 5% ಏರಿಸುತ್ತಾರೆ, ಅದೂ ನೆನಪಿರಲಿ.

ನನ್ನ ಮನೆಗೆ ಈಗ ವರ್ಷಕ್ಕೆ ಆರು ಸಾವಿರದ ಹತ್ತಿರ ಬರುತ್ತದೆ. ಪಂಚಾಯಿತಿಯಲ್ಲಿ ಇಷ್ಟೇ ಮನೆಗೆ ಅದರ ಕಾಲು ಭಾಗ ಬರಬಹುದು. ಉಳಿಯೋದು ವರ್ಷಕ್ಕೆ ನಾಲ್ಕೈದು ಸಾವಿರ. ಅದಕ್ಕೋಸ್ಕರ 35 ಲಕ್ಷದ ಮನೆ ಎಲ್ಲಿ ಅಂತ ತೀರ್ಮಾನ ಮಾಡ್ತೀಯಾ?

ಜಗತ್_ಸರ್ಕಲ್:
ಕಾಕಾ ಹೇಳಿದ್ದು ಸರಿ. ಆದರೆ ಆರು ಸಾವಿರ ಕಟ್ಟಿ ನಮಗೆ ಸಿಗೋದೇನು? ನಮ್ಮ ಬೀದಿಯಲ್ಲಿ ಚರಂಡಿ ತುಂಬಿ ರಸ್ತೆಗೆ ಬರುತ್ತೆ, ಹಂದಿಗಳು ಅಂತೂ ನಮ್ಮ ಜೊತೆ ರೇಷನ್ ಕಾರ್ಡ್‌ನಲ್ಲೇ ಇವೆ ಅನ್ನೋ ಹಾಗೆ ಓಡಾಡುತ್ತವೆ.

ನಿವೃತ್ತ_ಗುಮಾಸ್ತ:
@ಜಗತ್_ಸರ್ಕಲ್ ಹಂದಿ ಪಂಚಾಯಿತಿಗೂ ಬರುತ್ತವೆ ತಮ್ಮಾ. ಅಲ್ಲಿ ದೂರು ಕೊಡೋಕೆ ಯಾರೂ ಸಿಗಲ್ಲ ಅನ್ನೋದಷ್ಟೇ ವ್ಯತ್ಯಾಸ.

ಸೈಟ್_ಗುರು:
ಆಳಂದ ರಸ್ತೆ ಮುಂದಿನ ಭವಿಷ್ಯ! ಸೆಂಟ್ರಲ್ ಯೂನಿವರ್ಸಿಟಿ ಕಡಗಂಚಿಯಲ್ಲಿದೆ, ಎರಡು ವರ್ಷದಲ್ಲಿ ರೇಟ್ ಡಬಲ್ ಆಗುತ್ತೆ. ಇನ್ನೂ ಎರಡು ಸೈಟ್ ಇವೆ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ತೊಗರಿ_ಬ್ಯಾಳಿ:
ಯೂನಿವರ್ಸಿಟಿ ಬಂದಿದ್ದು 2009ರಲ್ಲಿ ಗುರುಗಳೇ. ಅಂದಿನಿಂದ "ಎರಡು ವರ್ಷ" ಮುಗಿದೇ ಇಲ್ವಾ?

ಜಗತ್_ಸರ್ಕಲ್:
🤣🤣

ಎರೆಮಣ್ಣು:
ನಾನು ಮನೆ ಕಟ್ಟಿಸುವ ಕೆಲಸ ಮಾಡುತ್ತೇನೆ. ತೆರಿಗೆ ಪಕ್ಕಕ್ಕಿಡಿ, ಆ ಹೊಸ ಮನೆ ಯಾವ ಮಣ್ಣಿನ ಮೇಲೆ ನಿಂತಿದೆ ಅಂತ ಕೇಳಿದ್ದೀರಾ ಅಕ್ಕಾ? ರಿಂಗ್ ರೋಡ್ ಆಚೆ ಸುಮಾರು ಕಡೆ ಮೊನ್ನೆ ಮೊನ್ನೆವರೆಗೆ ತೊಗರಿ ಬೆಳೆದ ಎರೆ ಹೊಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಮರಂ (ಕೆಳಗಿನ ಗಟ್ಟಿ ಗರಸು ಮಣ್ಣು) ತಗಲುವವರೆಗೆ ಅಗೆದು, ಪ್ಲಿಂತ್ ಬೀಮ್ ಹಾಕಿದ್ದರೆ ಚಿಂತೆ ಇಲ್ಲ. ಮಾರೋದಕ್ಕೆ ಅಂತಲೇ ಕಟ್ಟಿದ ಮನೆಗಳಲ್ಲಿ ಮೂರು ಅಡಿ ಅಗೆದು ಸೈಜುಗಲ್ಲು ತುಂಬಿ ಎಬ್ಬಿಸಿಬಿಡುತ್ತಾರೆ.

ಹೋದ ವರ್ಷ ಒಬ್ಬರ ಮನೆ ನೋಡೋಕೆ ಹೋಗಿದ್ದೆ. ಕಿಟಕಿಯ ಮೂಲೆಯಿಂದ ಸೊಟ್ಟಗೆ ಇಳಿದ ಬಿರುಕು. ಮೇ ತಿಂಗಳಲ್ಲಿ ಅದರೊಳಗೆ ಹತ್ತು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು, ಶ್ರಾವಣದಲ್ಲಿ ನೋಡಿದರೆ ಬಿರುಕು ತಾನಾಗೇ ಮುಚ್ಚಿಕೊಂಡಿದೆ. ಮಾಲೀಕರು ಖುಷಿಯಾಗಿ ಪುಟ್ಟಿ ಬಳಿದು ಬಣ್ಣ ಹೊಡೆಸಿದರು. ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ಆದ್ದರಿಂದ ಹೊಸ ಮನೆ ನೋಡೋದಾದರೆ ಬೇಸಿಗೆಯಲ್ಲೇ ನೋಡಿ. ಬಣ್ಣ ಹೊಸದಾಗಿದ್ದರೆ ಕಿಟಕಿ, ಬಾಗಿಲ ಮೂಲೆಗಳನ್ನು ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತಲೇ ಅರ್ಥ.

ಹಳೇ ಮನೆಗೆ ಈ ವಿಷಯದಲ್ಲಿ ಒಂದು ಲಾಭ. ಬಿರಿಯೋದೆಲ್ಲಾ ಬಿರಿದು ಕಣ್ಣೆದುರಿಗೇ ಇರುತ್ತದೆ.

ಅಮ್ಮ_ಎರಡು_ಮಕ್ಕಳು:
ಭೂಕಂಪದ ವಿಷಯಾನೂ ಹೇಳಿ, ನಮ್ಮ ಕಡೆ ಆಗಾಗ ನಡುಗುತ್ತಲ್ವಾ?

ಎರೆಮಣ್ಣು:
ಅದು ಚಿಂಚೋಳಿ ತಾಲೂಕು, ಗಡಿಕೇಶ್ವರ ಸುತ್ತ ಅಕ್ಕಾ. 2021ರಲ್ಲಿ ಜನ ರಾತ್ರಿಯೆಲ್ಲಾ ಹೊರಗೇ ಮಲಗಿದ್ದರು. ಸಿಟಿಯ ಬಿರುಕಿಗೂ ಅದಕ್ಕೂ ಸಂಬಂಧ ಇಲ್ಲ, ಇದು ಪಾಯದ ಪಾಪ.

ಜೀರೋ_ಟಿಕೆಟ್:
ಟೀಚರಮ್ಮ, ನಾನೂ ದಿನಾ ಆಳಂದ ಕಡೆ ಹೋಗೋಳು, ಅಂಗನವಾಡಿ ಮೇಲ್ವಿಚಾರಕಿ. ನಿಮ್ಮ ಮೂರೂ ಮನೆಗಳನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ಬೆಳಗ್ಗೆ ಬಸ್ ಎಲ್ಲಿ ಹತ್ತುತ್ತೀರಿ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆ ಟಿಕೆಟ್ ದುಡ್ಡಿಲ್ಲ ನಿಜ. ಆದರೆ ಸೀಟೂ ಇಲ್ಲ. ಸೆಂಟ್ರಲ್ ಬಸ್ ಸ್ಟ್ಯಾಂಡ್‌ನಲ್ಲಿ ಹತ್ತಿದವರಿಗೆ ಸೀಟು, ಸೂಪರ್ ಮಾರ್ಕೆಟ್ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲಬೇಕು, ಆಳಂದ ಚೆಕ್‌ಪೋಸ್ಟ್‌ನಲ್ಲಿ ಮೆಟ್ಟಿಲ ಮೇಲೆ ಒಂದು ಕಾಲು ಸಿಕ್ಕರೆ ಪುಣ್ಯ. ಕಂಡಕ್ಟರ್ "ಹಿಂದೆ ಸರೀರಿ, ಹಿಂದೆ ಖಾಲಿ ಇದೆ" ಅಂತಲೇ ಇರುತ್ತಾನೆ, ಹಿಂದೆ ನೋಡಿದರೆ ಹಾಲಿನ ಕ್ಯಾನ್, ಮೆಣಸಿನಕಾಯಿ ಚೀಲ. ಆಳಂದ ರಸ್ತೆಯ ಹೊಸ ಮನೆ ನಿಮ್ಮ ಶಾಲೆಗೆ ಹತ್ತಿರ ಅಂತ ನಕಾಶೆಯಲ್ಲಿ ಕಾಣುತ್ತೆ, ಆದರೆ ಅಲ್ಲಿ ಎಕ್ಸ್‌ಪ್ರೆಸ್ ಬಸ್ ನಿಲ್ಲಿಸುತ್ತಾರಾ ಕೇಳಿ. ನಿಲ್ಲಿಸದಿದ್ದರೆ ಟಂಟಂ ಹತ್ತಿ ಊರೊಳಗೆ ಬಂದು, ಅದೇ ದಾರಿಯಲ್ಲಿ ನಿಮ್ಮ ಮನೆ ಮುಂದೆಯೇ ವಾಪಸ್ ಹೋಗಬೇಕಾಗುತ್ತೆ.

ಬ್ರಹ್ಮಪುರ_ಟೀಚರ್:
ಅಯ್ಯೋ, ಇದನ್ನ ಕೇಳಲೇ ಇಲ್ಲ ನೋಡಿ. ಏಜೆಂಟ್ "ಬಸ್ ಮನೆ ಮುಂದೇ ಹೋಗುತ್ತೆ" ಅಂದರು. ಹೋಗುತ್ತೆ, ನಿಲ್ಲುತ್ತೆ ಅನ್ನಲಿಲ್ಲ.

ಸ್ಪ್ಲೆಂಡರ್_ಸವಾರ:
ಪೆಟ್ರೋಲ್ ಲೆಕ್ಕ ಯಾರೂ ಹಾಕಲಿಲ್ಲ, ನಾನು ಹಾಕುತ್ತೇನೆ. ಆಳಂದ ರಸ್ತೆ ಮನೆಯಿಂದ ಸೇಡಂ ರಸ್ತೆಗೆ ನಿಮ್ಮವರು ರಿಂಗ್ ರೋಡ್ ಮೇಲೆ ಸುತ್ತಿ ಹೋಗಬೇಕು. ಈಗಿನದಕ್ಕಿಂತ ಹೋಗೋಕೆ 8 ಕಿ.ಮೀ. ಜಾಸ್ತಿ ಅಂತ ಹಿಡಿಯಿರಿ, ಬರೋಕೆ 8. ತಿಂಗಳಿಗೆ 25 ದಿನ, 400 ಕಿ.ಮೀ. ಲೀಟರಿಗೆ 45 ಕೊಟ್ಟರೆ 9 ಲೀಟರ್. ಪೆಟ್ರೋಲ್ ನೂರರ ಮೇಲಿದೆ, ತಿಂಗಳಿಗೆ 900 ಆಯಿತು, ವರ್ಷಕ್ಕೆ ಹತ್ತು ಸಾವಿರ ದಾಟಿತು. ಪಂಚಾಯಿತಿ ತೆರಿಗೆಯಲ್ಲಿ ಕಾಕಾ ಉಳಿಸಿಕೊಟ್ಟ ನಾಲ್ಕೈದು ಸಾವಿರ ಎಲ್ಲಿ ಹೋಯಿತು? ಟೈರು, ಸರ್ವಿಸ್ ನಾನಿನ್ನೂ ಸೇರಿಸಿಲ್ಲ.

ರಿಂಗ್‌ರೋಡ್_ರಾಯ:
ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಲಿ, ಮುಗೀತಲ್ಲ.

ಸ್ಪ್ಲೆಂಡರ್_ಸವಾರ:
ತಗೊಳ್ಳಲಿ. ಆದರೆ ರಾತ್ರಿ ಪಾಳಿ ಮುಗಿಸಿ ರಿಂಗ್ ರೋಡ್‌ನಲ್ಲಿ ಬರುವಾಗ ಪಕ್ಕದಲ್ಲಿ ಹೋಗುವ ಸಿಮೆಂಟ್ ಲಾರಿ ಎಲೆಕ್ಟ್ರಿಕ್ ಅಂತ ನೋಡಿ ನಿಧಾನ ಹೋಗಲ್ಲ ರಾಯರೇ.

ಮಿನಿ_ವಿಧಾನಸೌಧ:
ಎಲ್ಲರೂ ಮರೆತ ವಿಷಯ ಒಂದಿದೆ. ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಎಂಟಕ್ಕೆ ಆಳಂದದಲ್ಲಿ ಇರಬೇಕೆಂದರೆ ಆರೂವರೆಗೆ ಮನೆ ಬಿಡಬೇಕು. ವಾಪಸ್ ಬರುವಾಗ ಎರಡು ಗಂಟೆ ಬಿಸಿಲು, 42, 43 ಡಿಗ್ರಿ. ಬಸ್ ಸ್ಟಾಪ್‌ನಿಂದ ಮನೆಗೆ ಒಂದು ಕಿಲೋಮೀಟರ್ ನಡೆಯೋದು ಆಗ ಗೊತ್ತಾಗುತ್ತೆ.

ಜೀರೋ_ಟಿಕೆಟ್:
@ಮಿನಿ_ವಿಧಾನಸೌಧ ಅವರು ಟೀಚರ್ ಸರ್, ಆಗ ಬೇಸಿಗೆ ರಜೆ. ಆ ಬಿಸಿಲು ನಮ್ಮ ನಿಮ್ಮ ಪಾಲಿಗೆ.

ಮಿನಿ_ವಿಧಾನಸೌಧ:
ಹೌದಲ್ಲ. ಆದರೂ ಮಾರ್ಚ್ ಬಿಸಿಲು ಕಡಿಮೆ ಏನಿಲ್ಲ.

ಸೊಲ್ಲಾಪುರ_ಅಳಿಯ:
ರಿಜಿಸ್ಟ್ರೇಷನ್ ಹೆಂಡತಿ ಹೆಸರಲ್ಲಿ ಮಾಡಿಸಿದರೆ 1% ಕಡಿಮೆ ಆಗುತ್ತೆ, ನಮ್ಮ ಮಾವ ಹಾಗೇ ಮಾಡಿಸಿದ್ದು.

ನಿವೃತ್ತ_ಗುಮಾಸ್ತ:
ಅದು ಮಹಾರಾಷ್ಟ್ರದಲ್ಲಿ ಅಳಿಯಂದಿರೇ. ನಮ್ಮಲ್ಲಿ ಆ ರಿಯಾಯಿತಿ ಇಲ್ಲ. 35 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ 5%, ಅಂದರೆ 1,75,000. ಅದರ ಮೇಲೆ ಸೆಸ್ 10%, 17,500. ಸಿಟಿಯಲ್ಲಿ ಸರ್‌ಚಾರ್ಜ್ 2%, 3,500. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ, 70,000. ಒಟ್ಟು 2,66,000. ತಮಾಷೆ ಏನೆಂದರೆ ಹಳ್ಳಿ ವ್ಯಾಪ್ತಿಯಲ್ಲಿ ಆ ಸರ್‌ಚಾರ್ಜ್ 2 ಅಲ್ಲ, 3%. ಪಂಚಾಯಿತಿಯಲ್ಲಿ ಎಲ್ಲಾ ಅಗ್ಗ ಅನ್ನುವ ಏಜೆಂಟರಿಗೆ ಇದನ್ನು ಹೇಳು ತಂಗಿ, 1,750 ರೂಪಾಯಿ ಜಾಸ್ತಿ ನೀನೇ ಕೊಡಪ್ಪಾ ಅಂತ.

ಬ್ರಹ್ಮಪುರ_ಟೀಚರ್:
ಕಾಕಾ, ಅಂದರೆ 35 ಲಕ್ಷದಲ್ಲಿ ಎಲ್ಲಾ ಮುಗಿಸಬೇಕಾದರೆ ನಾನು 32ರ ಮನೆ ನೋಡಬೇಕು!

ನಿವೃತ್ತ_ಗುಮಾಸ್ತ:
ಬಣ್ಣ, ಪೈಪು, ಗೃಹಪ್ರವೇಶದ ಊಟ ಸೇರಿಸಿದರೆ 31.

ಎಚ್‌ಆರ್‌ಎ_ಆಸೆಗಾರ:
ಮೇಡಂ, ಸಿಟಿ ಒಳಗೆ ಮನೆ ಮಾಡಿದರೆ ಮನೆ ಬಾಡಿಗೆ ಭತ್ಯೆ ಕಲಬುರಗಿ ರೇಟ್ ಸಿಗಲ್ವಾ? ಇಲ್ಲಿ 15%, ಆಳಂದದಲ್ಲಿ ಏಳೂವರೆ.

ಮಿನಿ_ವಿಧಾನಸೌಧ:
ಸಿಗಲ್ಲ. ಎಲ್ಲಿ ಕೆಲಸವೋ ಅಲ್ಲಿನ ದರ, ಎಲ್ಲಿ ಮಲಗುತ್ತೀರೋ ಅಲ್ಲಿನದ್ದಲ್ಲ. ಆದಾಯ ತೆರಿಗೆ ನೋಡಿಕೊಂಡು ಮನೆ ಸಾಲ ಮಾಡೋದೂ ಬೇಡ. ಸಾಲದ ಬಡ್ಡಿಗೆ 2 ಲಕ್ಷದವರೆಗಿನ ಕಡಿತ ಹಳೇ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರಲ್ಲ. ಇಬ್ಬರೂ ಅದರೊಳಗೇ ಇದ್ದರೆ ತೆರಿಗೆ ಉಳಿಸೋಕೆ ಸಾಲ ಅನ್ನೋ ಮಾತು ಸುಮ್ನೆ.

ಸೈಟ್_ಗುರು:
ಎಲ್ಲರೂ ಸೇರಿ ಟೀಚರ್‌ನ ಹೆದರಿಸುತ್ತಿದ್ದೀರಿ. ನಮ್ಮ ಲೇಔಟ್ ಎನ್‌ಎ (ಕೃಷಿಯೇತರ ಜಮೀನು) ಆಗಿದೆ, ಎಲ್ಲಾ ಕ್ಲಿಯರ್.

ನಿವೃತ್ತ_ಗುಮಾಸ್ತ:
ಎನ್‌ಎ ಆಗಿದೆ, ಸಂತೋಷ. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯಾ? ರಸ್ತೆ, ಚರಂಡಿ, ಕರೆಂಟ್ ಮುಗಿಸಿದ ಮೇಲೆ ಸೈಟ್ ಬಿಡುಗಡೆ ಪತ್ರ ಕೊಟ್ಟಿದ್ದಾರಾ? ಪಾರ್ಕ್ ಜಾಗ ಯಾರ ಹೆಸರಲ್ಲಿದೆ? ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ ಇ-ಸ್ವತ್ತು ತೆಗೆದರೆ ನಮೂನೆ 9 ಜೊತೆ 11ಎ ಬರುತ್ತೋ, ಇಲ್ಲ 11ಬಿ ಬರುತ್ತೋ?

ತೊಗರಿ_ಬ್ಯಾಳಿ:
ಗುರುಗಳು ಟೈಪ್ ಮಾಡುತ್ತಿದ್ದಾರೆ...

ತೊಗರಿ_ಬ್ಯಾಳಿ:
ಗುರುಗಳು ಇನ್ನೂ ಟೈಪ್ ಮಾಡುತ್ತಿದ್ದಾರೆ...

ಅಮ್ಮ_ಎರಡು_ಮಕ್ಕಳು:
11ಬಿ ಇದ್ದರೆ ಏನಾಗುತ್ತೆ ಕಾಕಾ? ನಮ್ಮ ತಮ್ಮನದು ಅದೇ ಇದೆ.

ನಿವೃತ್ತ_ಗುಮಾಸ್ತ:
ಹೆದರಬೇಡಮ್ಮಾ. ಆ ಜಾಗ ಲೇಔಟ್ ನಿಯಮದ ಪ್ರಕಾರ ಆಗಿಲ್ಲ ಅಂತ ಅರ್ಥ. ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಬ್ಯಾಂಕ್‌ನವರು ಸಾಲಕ್ಕೆ ಮುಖ ತಿರುಗಿಸುತ್ತಾರೆ, ಮಾರುವಾಗಲೂ ಕಿರಿಕಿರಿ. ಪಾಲಿಕೆ ಒಳಗೂ ಇದೇ ರೀತಿ ಬಿ-ಖಾತಾ ಇದೆ, 2025ರ ಫೆಬ್ರವರಿಯಿಂದ ರಾಜ್ಯದ ಉಳಿದ ನಗರಗಳಲ್ಲೂ ಕೊಡೋಕೆ ಶುರು ಮಾಡಿದರು. ಆದ್ದರಿಂದ ಪಾಲಿಕೆ ಅಂದ ತಕ್ಷಣ ಎಲ್ಲಾ ಸರಿ ಅಂತಲೂ ಅಲ್ಲ. ಇನ್ನೊಂದು ಮಾತು, ಪಂಚಾಯಿತಿ ತೆರಿಗೆ ಕಡಿಮೆ ಇರೋದು ಪಂಚಾಯಿತಿ ಇರುವ ತನಕ. ಊರು ಬೆಳೆದು ನಾಳೆ ಪಾಲಿಕೆ ಗಡಿ ಹಿಗ್ಗಿದರೆ ತೆರಿಗೆಯೂ ಬರುತ್ತೆ.

ಜಗತ್_ಸರ್ಕಲ್:
ತೆರಿಗೆ ಮೊದಲು ಬರುತ್ತೆ, ನಲ್ಲಿ ಆಮೇಲೆ ಬರುತ್ತೆ.

ಎನ್‌ಜಿಓ_ಕಾಲೋನಿ:
ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ ಅಂತ ಕಾಯುತ್ತಿದ್ದೆ. ಸಿಟಿಗೆ ನೀರು ಭೀಮಾ ಮತ್ತು ಬೆಣ್ಣೆತೊರಾದಿಂದ. ನಲ್ಲಿ ಬರೋದು ದಿನ ಬಿಟ್ಟು ದಿನವೋ, ಇನ್ನೂ ತಡವೋ, ಬಂದರೆ ನೀರಾದರೂ ಕುಡಿಯೋ ಹಾಗಿರುತ್ತೆ. ಹೊರಗಿನ ಲೇಔಟ್‌ನಲ್ಲಿ ಬೋರ್. ನಮ್ಮ ಕಡೆ ಬೋರ್ ನೀರು ಗಡಸು, ಬೇಳೆ ಬೇಯಲ್ಲ, ಗೀಸರ್ ವರ್ಷದೊಳಗೆ ಸುಣ್ಣ ಹಿಡಿಯುತ್ತೆ. ಮೇ ತಿಂಗಳಲ್ಲಿ ಬೋರ್ ಕೈ ಕೊಟ್ಟರೆ ಟ್ಯಾಂಕರ್. ಅಲ್ಲಿ ಈಗಾಗಲೇ ಇರುವ ಮನೆಯವರನ್ನು ಕೇಳಿ, ಗಂಡಸರನ್ನಲ್ಲ, ಹೆಂಗಸರನ್ನು ಕೇಳಿ. ಟ್ಯಾಂಕರ್ ಎಷ್ಟು ಸಲ ಬರುತ್ತೆ ಅಂತ ಅವರಿಗೇ ಗೊತ್ತಿರೋದು.

ತೊಗರಿ_ಬ್ಯಾಳಿ:
ತೊಗರಿ ನಾಡಲ್ಲಿ ಬೇಳೆ ಬೇಯಲ್ಲ ಅಂದರೆ ಅದಕ್ಕಿಂತ ಅವಮಾನ ಬೇರೆ ಇಲ್ಲ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಬೇಳೆಗೆ, ನಮ್ಮ ಬೋರಿಗಲ್ಲ.

ಸೊಲ್ಲಾಪುರ_ಅಳಿಯ:
ಬೇಳೆ ಅಂದಾಗ ನೆನಪಾಯಿತು, ಹುಮನಾಬಾದ್ ರಸ್ತೆ ಕಪನೂರ ಕಡೆ ಮಾತ್ರ ನೋಡಬೇಡಿ, ದಾಲ್ ಮಿಲ್ ಧೂಳು, ಲಾರಿ.

ಕಪನೂರ_ಹುಡುಗ:
ನಾವೇನು ಮನುಷ್ಯರಲ್ವಾ? ನಮ್ಮ ಮಿಲ್ ಬೇಳೆ ತಿಂದೇ ನಮಗೆ ಬಯ್ಯೋದು 😡 ಕೈಗಾರಿಕಾ ಪ್ರದೇಶದಿಂದ ದೂರದ ಓಣಿಗಳು ಚೆನ್ನಾಗೇ ಇವೆ, ಬಂದು ನೋಡಿ ಮಾತಾಡಿ.

ಅಮ್ಮ_ಎರಡು_ಮಕ್ಕಳು:
ಮಕ್ಕಳಿರುವವರು ಹೇಳಿ ಅಂದಿದ್ದಿರಿ, ಅದಕ್ಕೆ ಹೇಳುತ್ತೇನೆ. ನಾವು ಹೊರಗಿನ ಲೇಔಟ್‌ನಲ್ಲೇ ಇದ್ದೇವೆ. ಮನೆ ದೊಡ್ಡದು, ಮಕ್ಕಳು ಸೈಕಲ್ ಹೊಡೆಯೋಕೆ ರಸ್ತೆ ಖಾಲಿ, ಇದೆಲ್ಲಾ ಸರಿ. ಆದರೆ ಡ್ಯಾನ್ಸ್ ಕ್ಲಾಸ್ ಎಲ್ಲಿ? ಊರೊಳಗೆ. ಜ್ವರ ಬಂದರೆ ಮಕ್ಕಳ ಡಾಕ್ಟರ್ ಎಲ್ಲಿ? ಊರೊಳಗೆ. ರಾತ್ರಿ ಪ್ರಾಜೆಕ್ಟ್‌ಗೆ ಚಾರ್ಟ್ ಪೇಪರ್ ಬೇಕು ಅಂತ ಎಂಟೂವರೆಗೆ ನೆನಪಾದರೆ ಗಾಡಿ ತೆಗೆಯಬೇಕು. ನಮ್ಮವರು ತಮಾಷೆಗೆ ಹೇಳುತ್ತಾರೆ, ನಾನು ಗಂಡ ಅಲ್ಲ, ಆಟೋ ಅಂತ. ನಿಮ್ಮವರದು ಶಿಫ್ಟ್, ನೀವು ಆಳಂದದಲ್ಲಿ. ಮಧ್ಯಾಹ್ನ ಶಾಲೆಯಿಂದ ಫೋನ್ ಬಂದರೆ ಮಕ್ಕಳ ಹತ್ತಿರ ಹೋಗೋರು ಯಾರು? ಅತ್ತೆ. ಅವರು ನಡೆದು ಹೋಗುವಷ್ಟು ಹತ್ತಿರ ಶಾಲೆ ಇದೆಯಾ ನೋಡಿ, ಮಂಡಿನೋವಿದೆ ಬೇರೆ.

ಜೀರೋ_ಟಿಕೆಟ್:
ನಿಜ ಅಕ್ಕಾ. ಆದರೆ ಟೀಚರಮ್ಮ ಬಸ್‌ನಲ್ಲಿ ದಿನಾ ಎರಡು ಗಂಟೆ ನಿಂತು ಬಂದು ಆಮೇಲೆ ಅಡಿಗೆ ಮಾಡೋದೂ ಲೆಕ್ಕಕ್ಕೆ ತಗೊಳ್ಳಿ. ಎಲ್ಲರ ಅನುಕೂಲ ನೋಡಿ ಕೊನೆಗೆ ಹೆಂಗಸಿನ ಪ್ರಯಾಣವನ್ನೇ ಉದ್ದ ಮಾಡೋದು ನಮ್ಮ ಮನೆಗಳ ಪದ್ಧತಿ.

ಮಿನಿ_ವಿಧಾನಸೌಧ:
ಟೀಚರ್ ಆಳಂದದಲ್ಲೇ ಇರುತ್ತಾರೆ ಅಂತ ಏನು ಗ್ಯಾರಂಟಿ? ಕೌನ್ಸೆಲಿಂಗ್‌ನಲ್ಲಿ ನಾಳೆ ಜೇವರ್ಗಿಗೋ ಚಿತ್ತಾಪುರಕ್ಕೋ ವರ್ಗ ಆದರೆ? ಆಗ ಆಳಂದ ರಸ್ತೆ ಮನೆ ಇಟ್ಟುಕೊಂಡು ಏನು ಮಾಡುತ್ತಾರೆ? ವರ್ಗ ಆಗುವವರ ಕೆಲಸ ನೋಡಿ ಮನೆ ಕೊಳ್ಳಬಾರದು, ಮಕ್ಕಳ ಶಾಲೆ ನೋಡಿ ಕೊಳ್ಳಬೇಕು. ಮಗ ಈಗ ಯುಕೆಜಿ, ಹತ್ತನೇ ತರಗತಿ ತನಕ ಅದೇ ಶಾಲೆ.

ಜೀರೋ_ಟಿಕೆಟ್:
ಅದಕ್ಕೇ ಬಸ್ ಹತ್ತೋ ಜಾಗ ನೋಡಿ ಅಂದಿದ್ದು, ಆಳಂದ ರಸ್ತೆ ಅಂತ ಎಲ್ಲಿ ಹೇಳಿದೆ? ಸೆಂಟ್ರಲ್ ಬಸ್ ಸ್ಟ್ಯಾಂಡ್‌ಗೆ ಒಂದೇ ಸಿಟಿ ಬಸ್ಸಿನಲ್ಲಿ ಬರುವ ಹಾಗಿದ್ದರೆ ಜೇವರ್ಗಿ, ಚಿತ್ತಾಪುರ, ಸೇಡಂ ಎಲ್ಲದಕ್ಕೂ ಅಲ್ಲಿಂದಲೇ ಸೀಟು.

ರಿಂಗ್‌ರೋಡ್_ರಾಯ:
ಅಣ್ಣನ ಮನೆ ಪಕ್ಕ, ಜೇವರ್ಗಿ ರಸ್ತೆಯದು ಯಾಕೆ ಯಾರೂ ಹೇಳುತ್ತಿಲ್ಲ? ತವರು ಹತ್ತಿರ ಇದ್ದರೆ ಮಕ್ಕಳ ಚಿಂತೆ ಇಲ್ಲ.

ಎನ್‌ಜಿಓ_ಕಾಲೋನಿ:
ಅತ್ತೆ ಜೊತೆಗಿದ್ದಾರೆ ರಾಯರೇ, ಈ ಪ್ರಶ್ನೆಗೆ ಮೇಡಂ ಇಲ್ಲಿ ಬಹಿರಂಗವಾಗಿ ಉತ್ತರ ಕೊಡಲ್ಲ 😄

ಬ್ರಹ್ಮಪುರ_ಟೀಚರ್:
😄 ಅತ್ತೆಯವರೇ ಜೇವರ್ಗಿ ರಸ್ತೆ ಬೇಡ ಅಂದರು, ಶರಣಬಸವೇಶ್ವರ ಗುಡಿ ದೂರ ಆಗುತ್ತಂತೆ. ಅಣ್ಣನೂ ಅಲ್ಲಿಂದ ಸೇಡಂ ರಸ್ತೆಗೆ ರಾತ್ರಿ ಪಾಳಿ ಕಷ್ಟ ಅಂದ. ಆಳಂದ ರಸ್ತೆಯವರಿಗೆ ಇವತ್ತು ಫೋನ್ ಮಾಡಿ 11ಎ ಕೇಳಿದೆ. "ಅದೆಲ್ಲಾ ಆಮೇಲೆ ಮಾಡಿಸಿಕೊಡುತ್ತೇವೆ, ಮೊದಲು ಟೋಕನ್ ಕೊಡಿ" ಅಂದರು. ಅದನ್ನು ಕೈಬಿಟ್ಟೆವು.

ಸೇಡಂ ರಸ್ತೆಯ ಹಳೇ ಮನೆ ಉಳಿದಿದೆ. ಮನೆಯವರಿಗೆ ಹತ್ತು ನಿಮಿಷ, ಮಗಳ ಶಾಲೆ ವ್ಯಾನ್ ಆ ಓಣಿಗೆ ಬರುತ್ತೆ, ಬಸ್ ಸ್ಟ್ಯಾಂಡ್‌ಗೆ ಸಿಟಿ ಬಸ್ ಇದೆ. ನೆಲಕ್ಕೆ ಶಹಾಬಾದ್ ಕಲ್ಲು, ಬೇಸಿಗೆಯಲ್ಲಿ ತಂಪು. ಮುಖ ಮಾತ್ರ ಪಶ್ಚಿಮಕ್ಕೆ. ಮಾಲೀಕರು ಕೆಲವು ವರ್ಷದಿಂದ ತೆರಿಗೆ ಕಟ್ಟಿಲ್ಲ ಅಂತ ಪಕ್ಕದವರು ಹೇಳಿದರು. ಅದು ನಮ್ಮ ತಲೆಗೆ ಬರುತ್ತಾ?

ಎರೆಮಣ್ಣು:
ಪಶ್ಚಿಮ ಮುಖ ಅಂತ ಬಿಡಬೇಡಿ, ಮುಂದೆ ಒಂದು ಶೀಟಿನ ಚಪ್ಪರ ಹಾಕಿಸಿ, ಬೇವಿನ ಗಿಡ ಹಚ್ಚಿ. ತಾರಸಿ ಮೇಲೆ ನೀರು ನಿಲ್ಲುತ್ತಾ ಅಂತ ಒಂದು ಬಕೆಟ್ ಸುರಿದು ನೋಡಿ. ಹಳೇ ಮನೆಯಲ್ಲಿ ಪಾಯಕ್ಕಿಂತ ತಾರಸಿ ಮೋಸ ಮಾಡೋದು ಜಾಸ್ತಿ.

ನಿವೃತ್ತ_ಗುಮಾಸ್ತ:
ಬಾಕಿ ತೆರಿಗೆ ಆಸ್ತಿಯ ಬೆನ್ನಿಗೇ ಇರುತ್ತದೆ ತಂಗಿ, ಮಾಲೀಕರ ಜೊತೆ ಹೋಗೋದಿಲ್ಲ. ತಿಂಗಳಿಗೆ 2% ದಂಡ ಅಂದೆನಲ್ಲ, ಕೆಲವು ವರ್ಷ ಅಂದರೆ ದಂಡವೇ ಅಸಲಿನ ಹತ್ತಿರ ಬಂದಿರಬಹುದು. ಈಗ ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗಲ್ಲ, ಬಾಕಿ ಇಟ್ಟುಕೊಂಡು ಇ-ಖಾತಾಕ್ಕೆ ಹೋದರೆ ಮೊದಲು ಅದನ್ನೇ ಕೇಳುತ್ತಾರೆ. ಹಾಗಾಗಿ ಟೋಕನ್ ಕೊಡುವ ಮೊದಲೇ ಅವರ ಕೈಯಲ್ಲಿ ಕಟ್ಟಿಸಿ ರಸೀದಿ ನೋಡು. ದುಡ್ಡಿಲ್ಲ ಅಂದರೆ ಬಾಕಿ ಎಷ್ಟಿದೆಯೋ ಅಷ್ಟನ್ನು ಮನೆ ಬೆಲೆಯಲ್ಲಿ ಕಳೆದು ಕರಾರಿನಲ್ಲಿ ಬರೆಸು. ನೋಂದಣಿ ಇಲಾಖೆಯ ಕಾವೇರಿ 2.0ದಲ್ಲಿ ಋಣಭಾರ ಪ್ರಮಾಣಪತ್ರ ಆನ್‌ಲೈನ್‌ನಲ್ಲೇ ಸಿಗುತ್ತದೆ, ಹಳೇ ಮನೆ ಆದ್ದರಿಂದ ಹದಿಮೂರು ವರ್ಷಕ್ಕೆ ನಿಲ್ಲಿಸಬೇಡ, ಮೂವತ್ತು ವರ್ಷದ್ದು ತೆಗೆಸು. ನೀರಿನ ಬಿಲ್ ಬಾಕಿ ಕೇಳೋದನ್ನ ಮರೆಯಬೇಡ, ಅದು ಬೇರೆ ಖಾತೆ.

ತೊಗರಿ_ಬ್ಯಾಳಿ:
ಗೃಹಪ್ರವೇಶಕ್ಕೆ ನಮ್ಮನ್ನೂ ಕರೆಯಿರಿ ಟೀಚರಮ್ಮ. ಮಾಲ್ಪುರಿ ಮಾಡಿಸಿದರೆ ಸೈಟ್_ಗುರು ಕೂಡ ಬರುತ್ತಾರೆ.

ಸೈಟ್_ಗುರು:
ಬರುತ್ತೇನೆ. ಸೇಡಂ ರಸ್ತೆಯಲ್ಲೂ ನಮ್ಮ ಸೈಟ್ ಇವೆ, ಏರ್‌ಪೋರ್ಟ್ ಹತ್ತಿರ.

ಜಗತ್_ಸರ್ಕಲ್:
ಯಾರಾದ್ರೂ ಈ ಮನುಷ್ಯನ್ನ ಬ್ಲಾಕ್ ಮಾಡಿ ಮಾರಾಯ್ರೇ.